ಸೀಟು ಸಿಕ್ಕೀತೇ? ಲೆಕ್ಕ ಹಾಕುವ ಬಗೆ

(ಕಾಸರಗೋಡಿನಲ್ಲಿ ಪದವಿ ಕೊನೆಯ ವರ್ಷದ ಕನ್ನಡ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರ ಎದುರು ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಸಂಖ್ಯಾಶಾಸ್ತ್ರ ಕಲಿಸುವವನು. ಹಾಗಾಗಿ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಒಂದು ಪ್ರಶ್ನೆ ತಪ್ಪುವುದಿಲ್ಲ: “ಮಾಷ್ಟ್ರೇ, ನಮ್ಮ ಹುಡುಗನಿಗೆ ಐಐಟಿಯಲ್ಲಿ ಎಂಎಸ್ಸಿ ಸಿಕ್ಕೀತಾ?” ಈ ಪ್ರಶ್ನೆಗೆ ನಮ್ಮ ಕಡೆ ಎರಡೇ ಉತ್ತರ ಚಾಲ್ತಿಯಲ್ಲಿವೆ. “ಒಳ್ಳೆ ಮಾರ್ಕು ಉಂಟಲ್ಲ, ಸಿಗ್ತದೆ” ಎಂಬುದು ಒಂದು. “ಅಲ್ಲಿಗೆಲ್ಲ ನಮ್ಮವರಿಗೆ ಎಲ್ಲಿ ಸಿಗ್ತದೆ ಮಾರಾಯ” ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ಹುಡುಗನ ಮುಖ ನೋಡಿ ಹೇಳುತ್ತಾರೆ. ಸೀಟಿನ ಮುಖ ಯಾರೂ ನೋಡುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಅವಕಾಶ ಎಷ್ಟು ಎಂಬುದು ನಿಮ್ಮ ಹಣೆಯಲ್ಲಿ ಬರೆದದ್ದಲ್ಲ, ನಿಮ್ಮ ಮಾರ್ಕ್‌ಲಿಸ್ಟಿನಲ್ಲೂ ಇಲ್ಲ. ನೀವು, ಆ ಸೀಟು, ಆ ವರ್ಷ ನಿಮ್ಮ ಜೊತೆ ಅದೇ ರಾಶಿಗೆ ಬಿದ್ದ ಉಳಿದವರು, ಈ ಮೂರರ ನಡುವೆ ಅದು ಹುಟ್ಟುತ್ತದೆ. ಆದ್ದರಿಂದ ಲೆಕ್ಕ ಹಾಕುವ ಮೊದಲು, ನನ್ನ ಅರ್ಜಿ ಯಾವ ರಾಶಿಗೆ ಬೀಳುತ್ತದೆ, ಆ ರಾಶಿಯನ್ನು ಆರಿಸುವವರು ಯಾರು ಎಂದು ಕೇಳಿಕೊಳ್ಳಬೇಕು.

ರಾಶಿಯ ವಿಷಯ ಮೊದಲು. “20 ಸೀಟಿಗೆ 4000 ಅರ್ಜಿ, ಇನ್ನೂರಕ್ಕೆ ಒಬ್ಬ” ಎಂದು ಲೆಕ್ಕ ಹಾಕಿ ಹೆದರುವವರು ತುಂಬಾ ಮಂದಿ. ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಅಡಕೆ ತೋಟದ ಮನೆಯವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಗೆ ಒಯ್ದ ಚೀಲಕ್ಕೆಲ್ಲ ಒಂದೇ ರೇಟು ಕಟ್ಟುವುದಿಲ್ಲ. ಹಳತು ಬೇರೆ, ಹೊಸತು ಬೇರೆ, ಪಟೋರ, ಉಳ್ಳಿ, ಕೋಕ, ಕರಿಗೋಟು ಎಲ್ಲ ಬೇರೆ ಬೇರೆ. ಸರಾಸರಿ ರೇಟು ಎಂದು ಒಂದನ್ನು ಪೇಪರಿನಲ್ಲಿ ಹಾಕಿದರೂ ಆ ರೇಟಿಗೆ ಮಾರಿದ ಅಡಕೆ ಒಂದೂ ಇರುವುದಿಲ್ಲ. ಇನ್ನೂರಕ್ಕೆ ಒಬ್ಬ ಎಂಬುದೂ ಅಂಥದೇ ಸರಾಸರಿ. ಆ 4000ದಲ್ಲಿ ಹೆಸರಿಗೆ ಫಾರ್ಮು ತುಂಬಿ ಪರೀಕ್ಷೆಗೇ ಹೋಗದವರಿರುತ್ತಾರೆ, ಸಿಲೆಬಸ್ಸು ತೆರೆದೂ ನೋಡದವರಿರುತ್ತಾರೆ, ಎರಡು ವರ್ಷದಿಂದ ಅದಕ್ಕೇ ಕೂತವರೂ ಇರುತ್ತಾರೆ.

ಇದಕ್ಕೆ ಪ್ರವೇಶದ ಚರಿತ್ರೆಯಲ್ಲೇ ಒಂದು ಪ್ರಸಿದ್ಧ ಉದಾಹರಣೆ ಉಂಟು. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗಗಳಿಗೆ 1973ರಲ್ಲಿ 8442 ಗಂಡಸರೂ 4321 ಹೆಂಗಸರೂ ಅರ್ಜಿ ಹಾಕಿದರು. ಗಂಡಸರಲ್ಲಿ ಶೇ. 44 ಮಂದಿಗೆ ಪ್ರವೇಶ ಸಿಕ್ಕಿತು, ಹೆಂಗಸರಲ್ಲಿ ಶೇ. 35 ಮಂದಿಗೆ. ಮೇಲ್ನೋಟಕ್ಕೆ ಹೆಂಗಸರಿಗೆ ಅನ್ಯಾಯ. ಆದರೆ ಪೀಟರ್ ಬಿಕೆಲ್ ಮತ್ತು ಸಂಗಡಿಗರು ವಿಭಾಗ ವಿಭಾಗವಾಗಿ ಲೆಕ್ಕ ತೆಗೆದು 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಚಿತ್ರವೇ ಬದಲಾಯಿತು. ಸೀಟು ಸಲೀಸಾಗಿ ಸಿಗುತ್ತಿದ್ದ ಒಂದು ದೊಡ್ಡ ವಿಭಾಗದಲ್ಲಿ ಗಂಡಸರಿಗೆ ಶೇ. 62, ಹೆಂಗಸರಿಗೆ ಶೇ. 82. ಅತಿ ಬಿಗಿಯಾದ ಒಂದು ವಿಭಾಗದಲ್ಲಿ ಗಂಡಸರಿಗೆ ಶೇ. 6, ಹೆಂಗಸರಿಗೆ ಶೇ. 7. ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಬಿಗಿಯಾದ ವಿಭಾಗಗಳಿಗೆ, ಒಟ್ಟು ಲೆಕ್ಕದಲ್ಲಿ ಕೆಳಗೆ ಬಿದ್ದದ್ದು ಅದಕ್ಕೆ. ಒಂದೇ ವಿಶ್ವವಿದ್ಯಾಲಯ, ಒಂದೇ ವರ್ಷ, ಆದರೂ ಒಂದು ಬಾಗಿಲಲ್ಲಿ ನೂರಕ್ಕೆ ಎಂಬತ್ತು, ಇನ್ನೊಂದರಲ್ಲಿ ನೂರಕ್ಕೆ ಆರೇಳು! “ಅಲ್ಲಿ ಸಿಗೋದು ಎಷ್ಟು ಕಷ್ಟ?” ಎಂದು ಕೇಳಿದರೆ ಯಾವುದನ್ನು ಹೇಳಲಿ? ವಿಶ್ವವಿದ್ಯಾಲಯದ ಹೆಸರು ಹಿಡಿದು ಕೇಳಬೇಡಿ, ವಿಭಾಗ ಹಿಡಿದು ಕೇಳಿ.

ಇನ್ನು ಆರಿಸುವವರು ಯಾರು ಎಂಬುದು. ಕೆಲವು ಕಡೆ ಆರಿಸುವುದು ಒಂದು ಅಂಕಿ. ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ಐಐಟಿಯ ಎಂಎಸ್ಸಿಗೆ ಹೋಗುವಾಗ ನೀವು ಕವಿತೆ ಬರೆಯುತ್ತೀರೋ ಚೆಂಡೆ ಬಾರಿಸುತ್ತೀರೋ ಯಾರಿಗೂ ಬೇಡ, ರ‍್ಯಾಂಕು ಒಂದೇ ಸಾಕು. ನಮ್ಮ ಪೆರಿಯೆಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ದಾರಿ ಸಿಯುಇಟಿ-ಪಿಜಿ ಎಂಬ ದೇಶಮಟ್ಟದ ಪರೀಕ್ಷೆಯೇ. ಕ್ಯಾಂಪಸ್ಸು ಬಸ್ಸಿನ ದಾರಿಯಲ್ಲಿದ್ದರೂ ಸ್ಪರ್ಧೆ ಇಡೀ ದೇಶದ್ದು. ಕೆಲವು ಕಡೆ ಆರಿಸುವುದು ಮನುಷ್ಯರು: ವಿದೇಶದ ಪಿಎಚ್‌ಡಿಗೆ ನಾಲ್ಕೈದು ಪ್ರೊಫೆಸರುಗಳು ನಿಮ್ಮ ಕಡತ ಓದುತ್ತಾರೆ. ಬೆಂಗಳೂರಿನ ಐಐಎಸ್‌ಸಿಯ ಪಿಎಚ್‌ಡಿ ಇವೆರಡರ ನಡುವಿನದ್ದು. ಗೇಟ್ ಅಥವಾ ನೆಟ್ ಎಂಬ ದೇಶಮಟ್ಟದ ಪರೀಕ್ಷೆಗಳ ಅಂಕ ನೋಡಿ ಇಂಟರ್ವ್ಯೂಗೆ ಕರೆಯುತ್ತಾರೆ, ಕರೆದ ಮೇಲೆ ಬೋರ್ಡಿನ ಎದುರು ನಿಲ್ಲಿಸಿ ನೋಡುತ್ತಾರೆ. ಮ್ಯಾನೇಜ್ಮೆಂಟ್ ಕಲಿಸುವ ಐಐಎಂಗಳೂ ಹಾಗೆಯೇ. ತಮ್ಮ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಜೊತೆಗೆ ನಿಮ್ಮ ಹತ್ತನೆಯ ಕ್ಲಾಸಿನ, ಪ್ಲಸ್ ಟುವಿನ ಮಾರ್ಕನ್ನೂ ಅಗೆದು ತೆಗೆಯುತ್ತವೆ. ಅಂಕಿ ಆರಿಸುವ ಕಡೆಗೆ ಒಂದು ಬಗೆಯ ಲೆಕ್ಕ, ಮನುಷ್ಯರು ಆರಿಸುವ ಕಡೆಗೆ ಇನ್ನೊಂದು. ಗೊಂದಲವೆಲ್ಲ ಹುಟ್ಟುವುದು ಇದರ ಲೆಕ್ಕವನ್ನು ಅದಕ್ಕೆ ಹಚ್ಚುವಾಗ.

ಅಂಕಿಯ ಬಾಗಿಲನ್ನು ನೋಡುವ. ಇಲ್ಲಿ ಎಲ್ಲರೂ ಕೇಳುವುದು “ಎಷ್ಟು ಮಾರ್ಕು ತೆಗೆದರೆ ಸಾಕು?” ಎಂದು. ಗೇಟ್‌ನಲ್ಲಿ ಈ ಪ್ರಶ್ನೆಗೆ ಯಾಕೆ ನೇರ ಉತ್ತರವಿಲ್ಲ ಎಂದು ತೋರಿಸುತ್ತೇನೆ. ಪರೀಕ್ಷೆ 100 ಅಂಕಕ್ಕೆ, ಆದರೆ ಐಐಟಿಗಳು ನೋಡುವುದು 1000ಕ್ಕೆ ಕೊಡುವ ಸ್ಕೋರನ್ನು. ಆ ವರ್ಷ ಸಾಮಾನ್ಯ ವರ್ಗದ ಅರ್ಹತಾ ಅಂಕ ಎಷ್ಟೋ ಅದಕ್ಕೆ 350 ಸ್ಕೋರ್. ಆ ವರ್ಷ ಮೇಲಿನ ಶೇ. 0.1 ಮಂದಿ ಅಥವಾ ಮೇಲಿನ 10 ಮಂದಿ, ಯಾವುದು ದೊಡ್ಡದೋ ಅವರ ಸರಾಸರಿ ಅಂಕಕ್ಕೆ 900. ಉಳಿದವರದ್ದು ಈ ಎರಡರ ನಡುವೆ ಗೆರೆ ಎಳೆದ ಹಾಗೆ. ಈಗ ಲೆಕ್ಕಕ್ಕೆಂದು ಹಿಡಿಯಿರಿ: ಅರ್ಹತಾ ಅಂಕ 30, ಮೇಲಿನವರ ಸರಾಸರಿ 80, ನಿಮ್ಮದು 55. ನೀವು ಸರಿಯಾಗಿ ನಡುಮಧ್ಯ, ಸ್ಕೋರು 625. ಮುಂದಿನ ವರ್ಷ ಪೇಪರು ಕಠಿಣ ಬಂತು, ಅರ್ಹತಾ ಅಂಕ 25ಕ್ಕೂ ಮೇಲಿನವರ ಸರಾಸರಿ 70ಕ್ಕೂ ಇಳಿಯಿತು ಎನ್ನಿ. ಅದೇ 55 ಅಂಕಕ್ಕೆ ಸ್ಕೋರು ಸುಮಾರು 717 ಆಗುತ್ತದೆ. ನಿಮ್ಮ ಮಾರ್ಕು ಕೂದಲೆಳೆಯಷ್ಟೂ ಬದಲಾಗಿಲ್ಲ. ಪೇಪರು ಕಷ್ಟ ಇತ್ತು ಎಂದು ಪರೀಕ್ಷೆ ಹಾಲಿನಿಂದ ಅಳುತ್ತ ಬಂದವರೇ ಎಷ್ಟೋ ಸಲ ಮೇಲೆ ಹೋಗುವುದು ಹೀಗೆ. ಗೇಟ್ ಸ್ಕೋರು ಮೂರು ವರ್ಷ ನಡೆಯುವುದರಿಂದ, ಈ ವರ್ಷ ನಿಮ್ಮ ಎದುರು ನಿಂತವರಲ್ಲಿ ಹಿಂದಿನ ಎರಡು ವರ್ಷದ ಸ್ಕೋರು ಹಿಡಿದುಕೊಂಡವರೂ ಇರುತ್ತಾರೆ ಎಂಬುದೂ ನೆನಪಿರಲಿ.

ಪರ್ಸೆಂಟೈಲ್ ನೋಡಿಯೂ ಮೋಸ ಹೋಗಬಾರದು. ಕ್ಯಾಟ್ ಬರೆಯುವವರು ಸುಮಾರು ಮೂರು ಲಕ್ಷ. 99 ಪರ್ಸೆಂಟೈಲ್, ಅಂದರೆ ನೂರಕ್ಕೆ 99 ಮಂದಿ ನಿಮಗಿಂತ ಹಿಂದೆ, ಬಂದರೆ ಮನೆಯಲ್ಲಿ ಹೋಳಿಗೆ ಮಾಡಬಹುದು, ಸರಿ. ಆದರೂ ನಿಮ್ಮ ಮುಂದೆ ಮೂರು ಸಾವಿರದಷ್ಟು ಜನ ನಿಂತಿರುತ್ತಾರೆ.

ಹಾಗಾದರೆ ಏನು ನೋಡಬೇಕು? ನಿಮಗೆ ಬೇಕಾದ ಕೋರ್ಸು, ನಿಮ್ಮ ಕೆಟಗರಿ, ಕೊನೆಯ ಸುತ್ತು, ಅದರಲ್ಲಿ ಕೊನೆಗೆ ಸೀಟು ಸಿಕ್ಕಿದವನ ರ‍್ಯಾಂಕು ಅಥವಾ ಸ್ಕೋರು. ಅದೂ ಒಂದು ವರ್ಷದ್ದು ಸಾಲದು, ಕಡಿಮೆಯೆಂದರೆ ಮೂರು ವರ್ಷದ್ದು. ಒಂದು ವರ್ಷ 180ನೆಯ ರ‍್ಯಾಂಕಿಗೆ ನಿಂತದ್ದು ಇನ್ನೊಂದು ವರ್ಷ 260ರವರೆಗೆ ಹೋಗಿದ್ದರೆ, ಆ 80ರ ಅಂತರವೇ ನಿಮಗೆ ಬೇಕಾದ ಮಾಹಿತಿ. ಅತಿ ಬಿಗಿಯಾದ ವರ್ಷವನ್ನೂ ದಾಟುವ ಹಾಗಿದ್ದರೆ ಧೈರ್ಯವಾಗಿ ಇರಿ. ಎರಡರ ನಡುವೆ ಬಿದ್ದರೆ ಆಚೆಯೂ ಆದೀತು ಈಚೆಯೂ ಆದೀತು. ಅತಿ ಸಡಿಲ ವರ್ಷಕ್ಕೂ ತಲುಪದಿದ್ದರೆ ಬೇರೆ ಕೋರ್ಸು ಹುಡುಕಿ ಇಟ್ಟುಕೊಳ್ಳಿ. ಮೊದಲ ಸುತ್ತಿನ ಪಟ್ಟಿ ನೋಡಿ ಕೈಬಿಡುವವರು ಬಹಳ. ಮೇಲಿನವರು ಬೇರೆ ಕಡೆ ಹೋದ ಹಾಗೆ ಪಟ್ಟಿ ಕೆಳಗೆ ಇಳಿಯುತ್ತದೆ, ಅದಕ್ಕೇ ಅಷ್ಟು ಸುತ್ತು ಇರುವುದು.

ಇದರಲ್ಲಿ ಇನ್ನೊಂದು ಭಾಗ ನಿಮ್ಮ ಸ್ವಂತ ಅಂಕದ ಅಂದಾಜು. ಐದು ಮಾಕ್ ಟೆಸ್ಟಿನಲ್ಲಿ 48, 61, 52, 57, 44 ಬಂದ ಹುಡುಗಿಯನ್ನು ಕೇಳಿ, “ಅರುವತ್ತರ ಹತ್ತಿರ ಬರ್ತದೆ ಸರ್” ಅನ್ನುತ್ತಾಳೆ. ಮನುಷ್ಯ ಸಹಜ. ಸಾಲಾಗಿ ಜೋಡಿಸಿ ನಡುವಿನದ್ದನ್ನು ಹಿಡಿಯಿರಿ, 52. ಅದರಿಂದ ಏಳೆಂಟು ಮೇಲೆ, ಏಳೆಂಟು ಕೆಳಗೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಕಿವಿಮಾತು: ಜಾಮ್, ಗೇಟ್ ಎರಡೂ ಇಂಗ್ಲಿಷಿನಲ್ಲಿ ಮಾತ್ರ. ಜಾಮ್‌ನಲ್ಲಿ ಮೂರು ಗಂಟೆಗೆ 60 ಪ್ರಶ್ನೆ, ಒಂದಕ್ಕೆ ಮೂರು ನಿಮಿಷ. ವಿಷಯ ಗೊತ್ತಿದ್ದೂ ಪ್ರಶ್ನೆ ಓದುವುದರಲ್ಲೇ ಒಂದು ನಿಮಿಷ ಕಳೆಯುವವರನ್ನು ನೋಡಿದ್ದೇನೆ. ಆದ್ದರಿಂದ ಗಡಿಯಾರ ಇಡದೆ ಬಿಡಿಸಿದ ಪೇಪರಿನ ಅಂಕವನ್ನು ಈ ಸಾಲಿಗೆ ಸೇರಿಸಲೇಬೇಡಿ.

ಸೀಟಿನ ಸಂಖ್ಯೆಯನ್ನೂ ಒಡೆದು ನೋಡಬೇಕು. ಕೇಂದ್ರದ ಸಂಸ್ಥೆಗಳಲ್ಲಿ ಒಬಿಸಿಗೆ ಶೇ. 27, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 7.5, ಬೇರೆ ಮೀಸಲಾತಿ ಇಲ್ಲದ ಬಡವರ ವರ್ಗವಾದ ಇಡಬ್ಲ್ಯುಎಸ್‌ಗೆ 10. ಉಳಿಯುವುದು 40.5, ಅದು ಎಲ್ಲರಿಗೂ ತೆರೆದದ್ದು. ಅಂದರೆ 20 ಸೀಟಿನ ಕೋರ್ಸಿನಲ್ಲಿ ಸಾಮಾನ್ಯ ವರ್ಗದವನು ಎಣಿಸಬೇಕಾದ್ದು ಎಂಟನ್ನು. ಮೀಸಲಾತಿ ಇರುವವರಿಗೆ ಗಡಿನಾಡಿನಲ್ಲಿ ಬೇರೆಯೇ ಒಂದು ತೊಡಕುಂಟು, ಇದನ್ನು ನಾನು ಸ್ವಲ್ಪ ಎಳೆದೇ ಹೇಳುತ್ತೇನೆ. ಕೇಂದ್ರದ ಒಬಿಸಿ ಪಟ್ಟಿ ರಾಜ್ಯವಾರು ಇರುವಂಥದ್ದು. ತಲಪಾಡಿ ಗಡಿಯ ಆಚೆ ಇರುವ ನಿಮ್ಮ ಭಾವನ ಮಗನಿಗೆ ಕರ್ನಾಟಕದ ಪಟ್ಟಿ, ನಿಮಗೆ ಕೇರಳದ ಪಟ್ಟಿ. ಒಂದೇ ಜಾತಿಯ ಹೆಸರು ಎರಡರಲ್ಲೂ ಇರಬೇಕೆಂದಿಲ್ಲ. ಇದ್ದರೂ ಇಂಗ್ಲಿಷ್ ಸ್ಪೆಲಿಂಗು ಬೇರೆ ಇರಬಹುದು. “ಅವನಿಗೆ ಸಿಕ್ಕಿದೆ, ನಮಗೂ ಸಿಗ್ತದೆ” ಎಂದು ಕೂರಬೇಡಿ. ಮತ್ತೆ, ಕೆನೆಪದರಕ್ಕೆ ಸೇರಿಲ್ಲ ಎಂಬ ಸರ್ಟಿಫಿಕೇಟು ಕೇಂದ್ರದ ನಮೂನೆಯಲ್ಲೇ ಇರಬೇಕು, ಕೇಳಿದ ತಾರೀಕಿನ ನಂತರದ್ದೇ ಆಗಿರಬೇಕು. ರಾಜ್ಯದ ಕೆಲಸಕ್ಕೆಂದು ಹಿಂದೆ ಮಾಡಿಸಿದ್ದನ್ನು ಅಪ್‌ಲೋಡ್ ಮಾಡಿ ಸಾಮಾನ್ಯ ವರ್ಗಕ್ಕೆ ಬಿದ್ದವರು ಪ್ರತಿ ವರ್ಷ ಇರುತ್ತಾರೆ. ರ‍್ಯಾಂಕಿನ ಬಗ್ಗೆ ಆರು ತಿಂಗಳು ತಲೆ ಕೆಡಿಸಿಕೊಂಡು, ಸರ್ಟಿಫಿಕೇಟಿನ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೆ ಮಾತ್ರ ಕೊನೆಯ ದಿನ ಓಡುವುದು ಯಾವ ಲೆಕ್ಕ?

ಇನ್ನೊಂದು ಸಣ್ಣ ವಿಷಯ, ಆದರೆ ಸೀಟು ಹೋಗುವುದು ಇಂಥದ್ದರಲ್ಲೇ. ಗೇಟ್ ಬರೆದವರು ಕೋಪ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ ಸುಮ್ಮನಾಗುತ್ತಾರೆ. ಅದು ಐಐಟಿಗಳ ಆಫರು ನೋಡಿ ಒಪ್ಪುವ ಜಾಗ ಮಾತ್ರ. ಒಂದೊಂದು ಐಐಟಿಗೂ ಬೇರೆ ಬೇರೆಯಾಗಿ ಅರ್ಜಿ ಹಾಕಿದ್ದರೆ ತಾನೇ ಅಲ್ಲಿ ಆಫರು ಕಾಣುವುದು. ಅರ್ಜಿಯೇ ಇಲ್ಲದ ಕಡೆ ಅವಕಾಶ ಸೊನ್ನೆ, ಇದಕ್ಕೆ ಸಂಖ್ಯಾಶಾಸ್ತ್ರ ಬೇಡ.

ಈಗ ಮನುಷ್ಯರು ಓದಿ ಆರಿಸುವ ಬಾಗಿಲು. ಇಲ್ಲಿ ಕಟ್ ಆಫ್ ಎಂಬುದೇ ಇಲ್ಲ. ಮಾರ್ಕು ನಿಮ್ಮನ್ನು ಮೇಜಿನವರೆಗೆ ಒಯ್ಯುತ್ತದೆ. ಅಲ್ಲಿಂದ ಮುಂದೆ, ಈ ವರ್ಷ ಯಾವ ಪ್ರೊಫೆಸರಿಗೆ ವಿದ್ಯಾರ್ಥಿ ಬೇಕು, ಯಾರ ಬಳಿ ಹಣವಿದೆ, ನಿಮ್ಮ ಆಸಕ್ತಿ ಅವರ ಕೆಲಸಕ್ಕೆ ಕೂಡುತ್ತದೋ, ನಿಮ್ಮ ಬಗ್ಗೆ ಬರೆದವರು ಏನು ಬರೆದಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಅಮೆರಿಕದ ಪಿಎಚ್‌ಡಿಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಕೇಳುತ್ತಾರೆ. ನಮ್ಮ ಕಾಲೇಜುಗಳಿಂದ ಹೋಗುವ ಪತ್ರಗಳ ಒಂದು ಮಾದರಿ ಹೇಳುತ್ತೇನೆ: ‘ಇವನು ಶ್ರಮಜೀವಿ, ವಿನಯವಂತ, ಕ್ಲಾಸಿಗೆ ತಪ್ಪದೆ ಬರುತ್ತಿದ್ದ, ಎನ್‌ಎಸ್‌ಎಸ್ ಶಿಬಿರದಲ್ಲಿ ಉತ್ಸಾಹದಿಂದ ಭಾಗವಹಿಸಿದ್ದಾನೆ.’ ಹುಡುಗನಿಗೆ ಹೆಣ್ಣು ಕೊಡಲು ಇದು ಸಾಕು. ಪಿಎಚ್‌ಡಿ ಸೀಟು ಕೊಡಲು ಸಾಲದು. ಓದುವವನಿಗೆ ಬೇಕಾದ್ದು, ಈತ ಒಂದು ಪ್ರಶ್ನೆಯನ್ನು ಹಿಡಿದು ಎಲ್ಲಿಯವರೆಗೆ ಹೋದ, ದಾರಿ ತಪ್ಪಿದಾಗ ಏನು ಮಾಡಿದ ಎಂಬುದು. ಅದನ್ನು ಬರೆಯಬೇಕಾದರೆ ಬರೆಯುವವರು ಕಣ್ಣಾರೆ ಕಂಡಿರಬೇಕು. ಮೇಷ್ಟರ ತಪ್ಪೂ ಅಲ್ಲ. ಒಂದು ಕ್ಲಾಸಿನಲ್ಲಿ ಅಷ್ಟೊಂದು ಮಂದಿ, ನಿಮ್ಮನ್ನು ಹತ್ತಿರದಿಂದ ಕಂಡವರಿಗೆ ಅಷ್ಟರಲ್ಲಿ ತಿರುವನಂತಪುರಕ್ಕೋ ತ್ರಿಶ್ಶೂರಿಗೋ ವರ್ಗವಾಗಿರುತ್ತದೆ.

ಹಾಗಾಗಿ ಇಲ್ಲಿ ಅವಕಾಶ ಅಳೆಯುವ ನನ್ನ ಮೊದಲ ಪ್ರಶ್ನೆ ಮಾರ್ಕಿನದ್ದಲ್ಲ. “ನಿನ್ನ ಕೆಲಸವನ್ನು ಎರಡು ತಿಂಗಳು ಹತ್ತಿರದಿಂದ ನೋಡಿದ ಸಂಶೋಧಕರು ಯಾರಾದರೂ ಇದ್ದಾರಾ?” ಎಂದು ಕೇಳುತ್ತೇನೆ. ಇಲ್ಲದಿದ್ದರೆ ಅದನ್ನು ಮಾಡಿಕೊಳ್ಳುವ ದಾರಿಗಳಿವೆ. ಸಸ್ಯಶಾಸ್ತ್ರ, ಜೈವಿಕ ತಂತ್ರಜ್ಞಾನ ಓದುವವರಿಗೆ ಕೂಡ್ಲಿನ ಸಿಪಿಸಿಆರ್‌ಐ ಇಲ್ಲೇ ಇದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ, ದೇಶದ ತೋಟದ ಬೆಳೆಗಳ ಸಂಶೋಧನೆಯ ದೊಡ್ಡ ಮನೆ. ಅದರ ಗೇಟಿನ ಎದುರು ದಿನಾ ಬಸ್ಸಿನಲ್ಲಿ ಹೋಗಿ ಬರುವ ಎಷ್ಟು ಮಂದಿ ಒಂದು ಪ್ರಾಜೆಕ್ಟಿಗೆ ಅವಕಾಶ ಉಂಟಾ ಎಂದು ಕಾಗದ ಬರೆದು ಕೇಳಿದ್ದಾರೆ? ಉಳಿದ ವಿಜ್ಞಾನ ವಿಷಯದವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ.

ಇಂಥ ಕಡೆ ಹತ್ತು ಅರ್ಜಿ ಹಾಕಿದರೆ ಒಂದಾದರೂ ಸಿಗದಾ ಎಂಬುದು ಇನ್ನೊಂದು ಲೆಕ್ಕ. ಒಂದೊಂದರಲ್ಲೂ ನೂರಕ್ಕೆ ಹತ್ತು ಅವಕಾಶ ಎಂದುಕೊಳ್ಳಿ. ಹತ್ತೂ ಕೈತಪ್ಪುವ ಸಾಧ್ಯತೆ 0.9ನ್ನು ಹತ್ತು ಸಲ ಗುಣಿಸಿದಷ್ಟು, ಸುಮಾರು 0.35. ಒಂದಾದರೂ ಸಿಗುವುದು ಶೇ. 65. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಇದು ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಘಟನೆಗಳ ಲೆಕ್ಕ. ನೀವು ಕಳಿಸುವುದು ಹತ್ತು ಕಡೆಗೂ ಅದೇ ಪತ್ರ, ಅದೇ ಪ್ರಬಂಧ, ಅದೇ ಮಾರ್ಕ್‌ಲಿಸ್ಟು. ಒಂದು ಕಡೆ ಪತ್ರ ಸಪ್ಪೆ ಎನಿಸಿದರೆ ಹತ್ತು ಕಡೆಯೂ ಸಪ್ಪೆಯೇ. ಆದ್ದರಿಂದ ನಿಜವಾದ ಅಂಕಿ 65ಕ್ಕಿಂತ ಕೆಳಗೆ, ಕೆಲವರಿಗೆ ಎಷ್ಟೋ ಕೆಳಗೆ. ಹನ್ನೊಂದನೆಯ ಅರ್ಜಿಗೆ ಕಟ್ಟುವ ಡಾಲರು ಉಳಿಸಿ, ಆ ಹೊತ್ತನ್ನು ಪತ್ರ ಮತ್ತು ಪ್ರಬಂಧಕ್ಕೆ ಕೊಡುವುದು ಲಾಭ. ಮಾರ್ಚ್‌ವರೆಗೆ ಏನೂ ಬರಲಿಲ್ಲ ಎಂದು ಕೈಚೆಲ್ಲಬೇಡಿ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಆಫರು ಒಪ್ಪಲು ಏಪ್ರಿಲ್ 15ರವರೆಗೆ ಗಡುವು, ವೇಟಿಂಗ್ ಲಿಸ್ಟು ಅಲುಗಾಡುವುದು ಆ ದಿನದ ಆಸುಪಾಸಿನಲ್ಲಿ.

ಅವಕಾಶ ಎಷ್ಟು ಎಂದು ಗೊತ್ತಾದ ಮೇಲೆ ಏನು ಮಾಡಬೇಕು? ಇಲ್ಲಿ ನನಗೂ ಹೆತ್ತವರಿಗೂ ಜಗಳ. ನೂರಕ್ಕೆ ಐದೇ ಅವಕಾಶ ಇರುವ ಕಡೆ ಯಾಕೆ ಅರ್ಜಿ ಹಾಕಬೇಕು ಎಂದು ಅವರು ಕೇಳುತ್ತಾರೆ. ಅದೇ ಹೆತ್ತವರು “ಒಂದು ವರ್ಷ ಮನೆಯಲ್ಲಿ ಕೂತು ಓದಲಿ, ಮುಂದಿನ ಸಲ ಸಿಗ್ತದೆ” ಎಂದು ಸುಲಭವಾಗಿ ಹೇಳುತ್ತಾರೆ. ನನ್ನ ಪ್ರಕಾರ ಇದು ತಿರುಗಾಮುರುಗಾ. ಫಾರ್ಮು ತುಂಬಲು ಹೋಗುವುದು ಸ್ವಲ್ಪ ದುಡ್ಡು, ಒಂದು ಶನಿವಾರ. ಐದು ಬಿಡಿ, ಎರಡು ಇದ್ದರೂ ಹಾಕಬಹುದು. ಒಂದು ವರ್ಷ ಬಿಡುವುದು ಮಾತ್ರ ದುಬಾರಿ, ಅಲ್ಲಿ ಗಟ್ಟಿ ಲೆಕ್ಕ ಬೇಕು. ಈ ಸಲ ಯಾಕೆ ತಪ್ಪಿತು ಎಂಬುದಕ್ಕೆ ಹೆಸರಿಟ್ಟು ಹೇಳಬಹುದಾದ ಕಾರಣ ಇದ್ದರೆ, ಅದು ಒಂದು ವರ್ಷದಲ್ಲಿ ಸರಿಹೋಗುವಂಥದ್ದಾದರೆ, ಕೂರಿ. “ಅದೃಷ್ಟ ಇರಲಿಲ್ಲ” ಎಂಬುದೇ ಕಾರಣವಾದರೆ ಸಿಕ್ಕ ಕಡೆ ಸೇರಿಕೊಂಡು ಅಲ್ಲಿಂದಲೇ ಮತ್ತೆ ಬರೆಯಿರಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುತ್ತ ಗೇಟ್ ಬರೆದವರಿಗೆ ಸ್ಕೋರು ಕಡಿಮೆ ಏನೂ ಕೊಡುವುದಿಲ್ಲ.

ಪ್ರಶ್ನೆಗಳಿಗೆ ಬರುವ.

ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: “ಸರ್, ನಾನು ಕನ್ನಡ ಎಂಎ. ನಮಗೆ ಈ ಲೆಕ್ಕವೆಲ್ಲ ಉಂಟಾ?”

ಚೆನ್ನಾಗಿಯೇ ಉಂಟಮ್ಮ. ನಿಮಗೆ ಯುಜಿಸಿಯ ನೆಟ್. ಎರಡೂ ಪತ್ರಿಕೆ ಬರೆದವರಲ್ಲಿ ನೂರಕ್ಕೆ ಆರು ಮಂದಿಯನ್ನು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರೆಂದು ತೆಗೆಯುತ್ತಾರೆ, ಸಂಶೋಧನೆಗೆ ಫೆಲೋಶಿಪ್ ಹಣ ಸಿಗುವ ಜೆಆರ್‌ಎಫ್ ಅದಕ್ಕಿಂತಲೂ ಬಿಗಿ. ಆದರೆ 2024ರಿಂದ ಮೂರನೆಯ ಒಂದು ಮೆಟ್ಟಿಲೂ ಇದೆ, ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ. ಜೆಆರ್‌ಎಫ್ ಇಲ್ಲದವರಿಗೆ ಅಲ್ಲಿ ನೆಟ್ ಅಂಕಕ್ಕೆ ಶೇ. 70, ಇಂಟರ್ವ್ಯೂಗೆ ಶೇ. 30 ತೂಕ. ಈಗ ನೋಡು, ನಿನಗೆ ನೆಟ್‌ನಲ್ಲಿ 60, ಇಂಟರ್ವ್ಯೂನಲ್ಲಿ 80. ಇನ್ನೊಬ್ಬನಿಗೆ 66 ಮತ್ತು 60. ನಿನ್ನದು 66 ಆಗುತ್ತದೆ, ಅವನದ್ದು 64.2. ಆರು ಅಂಕ ಹಿಂದೆ ಇದ್ದವಳು ಮುಂದೆ ಬಂದೆ. ಹಾಗೆಂದು ಇಂಟರ್ವ್ಯೂಗೆ ಕುಮಾರವ್ಯಾಸನ ಎರಡು ಪದ್ಯ ಬಾಯಿಪಾಠ ಮಾಡಿಕೊಂಡು ಹೋದರೆ ಸಾಲದು, ಏನನ್ನು, ಯಾಕೆ ಸಂಶೋಧಿಸುತ್ತೀ ಎಂದು ಹತ್ತು ನಿಮಿಷ ಹೇಳಲು ಬರಬೇಕು. ನೆಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ. ಜಾಮ್‌ನ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಕಳೆಯುತ್ತಾರೆ, ಆ ಅಭ್ಯಾಸವನ್ನು ಅಲ್ಲಿಗೆ ಒಯ್ಯಬಾರದು.

ಮಂಜೇಶ್ವರ ಕಡೆಯ ಒಬ್ಬರು ಅಪ್ಪ ಎದ್ದು ನಿಂತರು: “ಕರ್ನಾಟಕದಲ್ಲಿ ನಮ್ಮನ್ನು ಹೊರಗಿನವರು ಅಂತ ಲೆಕ್ಕ ಹಿಡಿತಾರಾ?”

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಅರ್ಹತೆಯ ಕಲಂ ಇದೆ. ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕುಗಳಲ್ಲಿ ನೆಲೆಸಿ ಓದಿದ, ಕನ್ನಡ ಅಥವಾ ತುಳು ಮಾತೃಭಾಷೆಯ ಮಕ್ಕಳು ಅದರ ಅಡಿಯಲ್ಲಿ ಬರುತ್ತಾರೆ. ಸ್ನಾತಕೋತ್ತರ ಸೀಟಿಗೆ ಒಂದೊಂದು ವಿಶ್ವವಿದ್ಯಾಲಯದ ಪ್ರಕಟಣೆಯೂ ಬೇರೆ. ಅದರ ಮೀಸಲಾತಿ ಪುಟವನ್ನು ಮಗನಿಗೆ ಬಿಡದೆ ನೀವೇ ಕೂತು ಓದಿ. ಗಡಿನಾಡಿನವರೆಂದು ತೋರಿಸಲು ಇಲ್ಲಿಯ ಶಾಲೆಗಳಲ್ಲಿ ಓದಿದ ದಾಖಲೆ ಬೇಕಾಗುತ್ತದೆ, ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಿದ್ದರೆ ಎರಡು ಕಡೆಯದ್ದೂ ಬೇಕು. ಪ್ರಕಟಣೆ ಬರುವವರೆಗೆ ಕಾಯಬೇಡಿ. ರಜೆ ಶುರುವಾಗಿ ಹೆಡ್‌ಮಾಷ್ಟ್ರು ಊರಿಗೆ ಹೋದರೆ ಸೀಲು ಹಾಕಿಕೊಡುವವರು ಯಾರೂ ಇರುವುದಿಲ್ಲ.